ಕಾವಲಿಗೂ ಹೊತ್ತು ಗೊತ್ತು ಬೇಕು

ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಹೋಬಳಿ ಕೇಂದ್ರದಲ್ಲಿಯೂ ಇಂದು ವ್ಯಾಪಾರವು ಗಣಕಯಂತ್ರವಿಲ್ಲದೆ ನಡೆಯದು. ಮೆಕ್ಕೆಜೋಳದ ಲಾರಿ ವೇಬ್ರಿಡ್ಜ್ ಹತ್ತಿದ ಕ್ಷಣದಿಂದ ಹಿಡಿದು ತೂಕದ ಚೀಟಿ, ಜಿ.ಎಸ್.ಟಿ. ಬಿಲ್ಲು, ಇ-ವೇ ಬಿಲ್ಲು, ಬ್ಯಾಂಕಿನ ಪಾವತಿ ಎಲ್ಲವೂ ಯಂತ್ರದ ಮೂಲಕವೇ ಸಾಗಬೇಕು. ಹೊನ್ನಾಳಿ, ನ್ಯಾಮತಿಗಳ ಅಕ್ಕಿ ಗಿರಣಿಗಳಿಗೂ ಚನ್ನಗಿರಿಯ ಅಡಿಕೆ ವರ್ತಕರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಕೀರ್ದಿ, ಖಾತೆ ಪುಸ್ತಕಗಳು ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಕಾಲದಲ್ಲಿ ಬಾಗಿಲಿಗೆ ಬೀಗವೂ ರಾತ್ರಿಗೊಬ್ಬ ಕಾವಲುಗಾರನೂ ಇದ್ದರೆ ಸಾಕಾಗಿತ್ತು. ಪುಸ್ತಕಗಳು ಸರ್ವರ್ ಸೇರಿದ ಮೇಲೆ ಕಾವಲುಗಾರನೂ ಅಲ್ಲಿಗೇ ಹೋಗಬೇಕಾಗಿದೆ.

ಅಂಥ ಕಾವಲುಗಾರನೇ ಭದ್ರತಾ ನಿಗಾ ತಂತ್ರಾಂಶ. ಘಟಕದ ಎಲ್ಲ ಗಣಕಯಂತ್ರಗಳು ಬರೆದಿಡುವ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಪ್ರವೇಶಿಸಿದರು, ಏನನ್ನು ಅಳಿಸಿದರು ಎಂಬ ದಾಖಲೆಗಳನ್ನು, ಅದು ಒಂದೆಡೆ ಕೂಡಿಹಾಕಿ ಪರಿಶೀಲಿಸುತ್ತದೆ. ಸಂಶಯಾಸ್ಪದವಾದುದು ಕಂಡರೆ ಎಚ್ಚರಿಕೆ ನೀಡುತ್ತದೆ. ವಾಝು ಎಂಬ ಮುಕ್ತ ತಂತ್ರಾಂಶವು ಉಚಿತವಾಗಿಯೇ ದೊರೆಯುತ್ತದೆ. ಎಲಾಸ್ಟಿಕ್ ಸೆಕ್ಯುರಿಟಿಯನ್ನು ಸ್ವಂತ ಸರ್ವರ್‌ನಲ್ಲಿ ಅಳವಡಿಸಿಕೊಳ್ಳಲು ಸಾಧ್ಯವಿದೆ. ಆದ್ದರಿಂದ ಇದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಮೀಸಲಾದ ಸೌಕರ್ಯವಾಗಿ ಉಳಿದಿಲ್ಲ.

ತಂತ್ರಾಂಶವನ್ನು ಅಳವಡಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವುದು ಮಾತ್ರ ಅಪಾಯಕಾರಿ. ಅದರೊಳಗಿನ ಪ್ರತಿಯೊಂದು ನಿಯಮಕ್ಕೂ ಎರಡು ಮೂರು ಕಾಲಸೂಚಕ ಅಂಕಿಗಳಿರುತ್ತವೆ. ನಿಯಮವು ಎಷ್ಟು ನಿಮಿಷಕ್ಕೊಮ್ಮೆ ಓಡಬೇಕು, ಓಡಿದಾಗ ಎಷ್ಟು ನಿಮಿಷ ಹಿಂದಿನವರೆಗಿನ ದಾಖಲೆಗಳನ್ನು ನೋಡಬೇಕು, ಎಷ್ಟು ಅವಧಿಯಲ್ಲಿ ಎಷ್ಟು ಸಲ ನಡೆದರೆ ಎಚ್ಚರಿಸಬೇಕು ಎಂಬುವೇ ಅವು. ಸಾಮಾನ್ಯವಾಗಿ ತಯಾರಕರು ಇಟ್ಟ ಅಂಕಿಗಳೇ ಹಾಗೆಯೇ ಉಳಿಯುತ್ತವೆ. ಅಳವಡಿಸಿದ ತಂತ್ರಜ್ಞ ಅವುಗಳ ಗೊಡವೆಗೆ ಹೋಗುವುದಿಲ್ಲ. ಮಾಲೀಕರಿಗಂತೂ ಅಂಥ ಅಂಕಿಗಳಿವೆಯೆಂಬುದೇ ತಿಳಿದಿರುವುದಿಲ್ಲ. ವಿದ್ಯುತ್ತೂ ಅಂತರಜಾಲವೂ ಆಗಾಗ ಕೈಕೊಡುವ ಊರುಗಳಲ್ಲಿ ಈ ಉದಾಸೀನಕ್ಕೆ ದೊಡ್ಡ ಬೆಲೆ ತೆರಬೇಕಾದೀತು. ಈ ಅಂಕಿಗಳನ್ನು ಕೇವಲ ತಾಂತ್ರಿಕ ವಿಷಯವೆಂದು ಬಿಡದೆ, ಸಾಲದ ವಾಯಿದೆಯನ್ನು ನಿರ್ಧರಿಸುವಂತೆ ಮಾಲೀಕರೇ ಕುಳಿತು ನಿರ್ಧರಿಸಬೇಕಾಗಿದೆ.

ತಡವಾಗಿ ಬಂದ ಓಚರು

ವರ್ತಕರಿಗೆ ಸುಪರಿಚಿತವಾದ ಒಂದು ಸಂಗತಿಯಿಂದ ಇದನ್ನು ಗ್ರಹಿಸಬಹುದು. ಗುಮಾಸ್ತನೊಬ್ಬ ಪ್ರತಿದಿನ ಸಂಜೆ ಆ ದಿನದ ತಾರೀಖಿನ ಓಚರುಗಳನ್ನು ಮಾತ್ರ ತಾಳೆ ನೋಡುತ್ತಾನೆ. ಸೋಮವಾರದ ಓಚರೊಂದು ಬುಧವಾರ ಕೈಸೇರಿದರೆ ಬುಧವಾರದ ತಾಳೆಯಲ್ಲಿ ಅದು ಬಾರದು, ಸೋಮವಾರದ ತಾಳೆ ಆಗಲೇ ಮುಗಿದಿರುತ್ತದೆ. ಓಚರು ಕಡತದಲ್ಲಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಗಾ ತಂತ್ರಾಂಶದಲ್ಲಿ ಆಗುವುದೂ ಇದೇ.

ಎಲಾಸ್ಟಿಕ್ ಸೆಕ್ಯುರಿಟಿಯಲ್ಲಿ ಹೊಸ ನಿಯಮವೊಂದನ್ನು ರಚಿಸಿದಾಗ ಅದು 5 ನಿಮಿಷಕ್ಕೊಮ್ಮೆ ಓಡುವಂತೆ, ಹೆಚ್ಚುವರಿಯಾಗಿ 1 ನಿಮಿಷ ಹಿಂದಕ್ಕೆ ನೋಡುವಂತೆ ಮೊದಲೇ ಇಟ್ಟಿರುತ್ತದೆ. ಒಟ್ಟು ಹಿನ್ನೋಟ 6 ನಿಮಿಷ. ಈಗ ಸೊಕ್ಕೆಯ ಹೊರವಲಯದಲ್ಲಿ ಒಂದು ಬೇಳೆ ಗಿರಣಿ, ದಾವಣಗೆರೆಯಲ್ಲಿ ಅದರ ಮಾರಾಟ ಕಚೇರಿ, ಆ ಕಚೇರಿಯಲ್ಲಿ ನಿಗಾ ಸರ್ವರ್ ಇದೆಯೆಂದು ಇಟ್ಟುಕೊಳ್ಳಬಹುದು. ರಾತ್ರಿ 10 ಗಂಟೆ 1 ನಿಮಿಷಕ್ಕೆ ಗಿರಣಿಯ ಗಣಕಯಂತ್ರದಲ್ಲಿ ಯಾರೋ ಭದ್ರತಾ ಲಾಗನ್ನೇ ಅಳಿಸುತ್ತಾರೆ. ವಿಂಡೋಸ್ ಅದನ್ನು 1102 ಎಂಬ ಸಂಖ್ಯೆಯಡಿ ದಾಖಲಿಸುತ್ತದೆ. ಅಷ್ಟರಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕ ಕಡಿದು, ಆ ದಾಖಲೆ ದಾವಣಗೆರೆಗೆ ತಲುಪುವಾಗ 10 ಗಂಟೆ 12 ನಿಮಿಷ. 10.05ರ ಪರಿಶೀಲನೆಯ ವೇಳೆಗೆ ದಾಖಲೆ ಬಂದಿರಲಿಲ್ಲ, 10.10ಕ್ಕೂ ಬಂದಿರಲಿಲ್ಲ. 10.15ರ ಪರಿಶೀಲನೆ 10.09ರಿಂದೀಚಿನದನ್ನು ಮಾತ್ರ ನೋಡುತ್ತದೆ. ದಾಖಲೆಯ ಮೇಲಿರುವ ಸಮಯವಾದರೋ 10.01. ನಿಯಮ ಸರಿಯಾಗಿದೆ, ದಾಖಲೆಯೂ ಬಂದಿದೆ, ಆದರೂ ಎಚ್ಚರಿಕೆ ಎಂದಿಗೂ ಬರುವುದಿಲ್ಲ. ಹಿನ್ನೋಟದ ಅವಧಿ ಅರ್ಧ ಗಂಟೆಯಿದ್ದಿದ್ದರೆ 10.15ರ ಪರಿಶೀಲನೆಯಲ್ಲಿಯೇ ಅದು ಸಿಕ್ಕಿಬೀಳುತ್ತಿತ್ತು.

ವಿದ್ಯುತ್ ಕಡಿತದ ಪರಿಣಾಮ ಇನ್ನೂ ದೊಡ್ಡದು. ಯು.ಪಿ.ಎಸ್. ಬ್ಯಾಟರಿ ಬರಿದಾಗಿ ನಿಗಾ ಸರ್ವರ್ ರಾತ್ರಿ 2ರಿಂದ 4 ಗಂಟೆಯವರೆಗೆ ನಿಂತಿತೆನ್ನೋಣ. ಮತ್ತೆ ಎದ್ದು 4 ಗಂಟೆ 5 ನಿಮಿಷಕ್ಕೆ ಓಡುವ ನಿಯಮ 3.59ರಿಂದೀಚೆಗೆ ನೋಡುತ್ತದೆಯೇ ಹೊರತು, ಇನ್ವರ್ಟರ್ ಮೇಲೆ ನಡೆಯುತ್ತಿದ್ದ ಇತರ ಯಂತ್ರಗಳಲ್ಲಿ ಎರಡು ಗಂಟೆ ಕಾಲ ಏನಾಯಿತೆಂದು ತಾನಾಗಿ ಹಿಂದಿರುಗಿ ನೋಡುವುದಿಲ್ಲ. ತಪ್ಪಿದ ಅವಧಿಯನ್ನು ತೋರಿಸಿ, ಆ ಅವಧಿಗೆ ನಿಯಮವನ್ನು ಮತ್ತೊಮ್ಮೆ ಓಡಿಸುವ ಸೌಲಭ್ಯ ಇತ್ತೀಚಿನ ಆವೃತ್ತಿಗಳಲ್ಲಿದೆ. ದಾಖಲೆ ತಲುಪಿದ ಸಮಯವನ್ನೇ ಆಧಾರವಾಗಿ ಇಟ್ಟುಕೊಳ್ಳುವ ಅವಕಾಶವೂ ಉಂಟು. ಆದರೆ ಇವೆರಡನ್ನೂ ಯಾರಾದರೂ ಕೇಳಿ ಮಾಡಿಸಬೇಕು.

ಎಲ್ಲ ತಂತ್ರಾಂಶಗಳೂ ಹೀಗೆ ಸರದಿಯ ಮೇಲೆ ಗಸ್ತು ತಿರುಗುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ವಾಝುವಿನಂಥವು ದಾಖಲೆ ಬಂದೊಡನೆ ಪರಿಶೀಲಿಸುತ್ತವೆ. ಅವುಗಳಲ್ಲಿ ತಡವಾದ ದಾಖಲೆ ತಪ್ಪಿಹೋಗುವ ಭಯ ಕಡಿಮೆ, ಆದರೆ ವಿರುದ್ಧವಾದ ತೊಂದರೆಯಿದೆ. ಸಂಪರ್ಕ ಮರಳಿದಾಗ ಎರಡು ಗಂಟೆಯ ದಾಖಲೆಗಳು ಎರಡು ನಿಮಿಷದಲ್ಲಿ ನುಗ್ಗಿ ಬಂದರೆ, ನೌಕರರು ಅಲ್ಲೊಂದು ಇಲ್ಲೊಂದು ತಪ್ಪಿ ಹೊಡೆದ ಪಾಸ್‌ವರ್ಡುಗಳೆಲ್ಲ ಒಂದೇ ದಾಳಿಯಂತೆ ಕಾಣುವ ಸಂಭವವಿದೆ. ಯಾವ ಬಗೆಯ ತಂತ್ರಾಂಶ ತಮ್ಮಲ್ಲಿದೆಯೆಂಬುದನ್ನು ಮಾಲೀಕರು ಮೊದಲು ತಿಳಿದುಕೊಳ್ಳಬೇಕು.

ಗಡಿಯಾರವೇ ತಪ್ಪಾದರೆ

ಇನ್ನೊಂದು ದೋಷ ಗಡಿಯಾರದ್ದು. ಬಹುತೇಕ ನಿಗಾ ತಂತ್ರಾಂಶಗಳು ಒಳಗೊಳಗೆ ಸಮಯವನ್ನು ವಿಶ್ವಮಾನ ಕಾಲದಲ್ಲಿ ಇಟ್ಟುಕೊಳ್ಳುತ್ತವೆ. ಭಾರತೀಯ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯಾರಾದರೂ ಲೆಕ್ಕಪತ್ರದ ಸರ್ವರ್ ಪ್ರವೇಶಿಸಿದರೆ ಎಚ್ಚರಿಸಬೇಕೆಂದು ಬರೆದ ನಿಯಮದಲ್ಲಿ ಈ ವ್ಯತ್ಯಾಸವನ್ನು ಮರೆತರೆ, ಅದು ವಾಸ್ತವವಾಗಿ ಬೆಳಗಿನ ಜಾವ 3.30ರಿಂದ ಬೆಳಿಗ್ಗೆ 11.30ರವರೆಗೆ ಕಾವಲು ಕಾಯುತ್ತದೆ. ರಾತ್ರಿಯ ಮೊದಲ ಐದೂವರೆ ಗಂಟೆ ಅರಕ್ಷಿತವಾಗಿ ಉಳಿಯುತ್ತದೆ. ಬೆಳಿಗ್ಗೆ ಕಚೇರಿ ತೆರೆದು ಸಿಬ್ಬಂದಿ ಕೆಲಸ ಆರಂಭಿಸಿದೊಡನೆ ಎಚ್ಚರಿಕೆಗಳ ಸುರಿಮಳೆಯಾಗುತ್ತದೆ. ವಾರದೊಳಗೆ ಬೇಸತ್ತ ಗುಮಾಸ್ತ ಅದನ್ನು ಮುಚ್ಚಿಸುತ್ತಾನೆ.

ಹಳೆಯ ಯಂತ್ರಗಳಲ್ಲಿ ಮತ್ತೊಂದು ಸಮಸ್ಯೆ. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಣ್ಣ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರದ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಸರಿಯುತ್ತದೆ. ಅಂಥ ಯಂತ್ರ ಕಳುಹಿಸುವ ದಾಖಲೆಯನ್ನು ಇತ್ತೀಚಿನ ಕೆಲವು ನಿಮಿಷಗಳನ್ನಷ್ಟೇ ನೋಡುವ ಯಾವ ನಿಯಮವೂ ಕಾಣದು. ಕೆಲವೇ ರೂಪಾಯಿಗಳ ಬ್ಯಾಟರಿಯಿಂದಾಗಿ ಇಡೀ ಕಾವಲು ವ್ಯವಸ್ಥೆ ಕುರುಡಾಗಬಹುದು.

ಗಡಿಯಾರವನ್ನು ಸರಿಯಾಗಿಡುವುದು ಈಗ ಕಾನೂನಿನ ವಿಷಯವೂ ಹೌದು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 70ಬಿ ಕಲಮಿನಡಿ ಸಿ.ಇ.ಆರ್.ಟಿ.-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಕಾರ್ಪೊರೇಟ್ ಸಂಸ್ಥೆಗಳನ್ನೂ ಒಳಗೊಳ್ಳುತ್ತವೆ. ಗಣಕಯಂತ್ರಗಳ ಸಮಯವು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲ ಸರ್ವರ್‌ಗಳಿಗೆ, ಇಲ್ಲವೇ ಅವುಗಳನ್ನು ಅನುಸರಿಸುವ ಸರ್ವರ್‌ಗಳಿಗೆ ಹೊಂದಿಕೆಯಾಗಿರಬೇಕು. ಲಾಗ್‌ಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕು. ನಿಗದಿತ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಆಗ ದೊರೆತದ್ದು 2022ರ ಸೆಪ್ಟೆಂಬರ್ 25ರವರೆಗಿನ ಕಾಲಾವಕಾಶವೇ ಹೊರತು ವಿನಾಯಿತಿಯಲ್ಲ. ಗಮನಕ್ಕೆ ಬಂದ ಮೇಲೆ ಆರು ಗಂಟೆ ಎಂಬುದರಲ್ಲಿ ಒಂದು ಸಮಾಧಾನವಿದೆಯೆಂದು ತೋರಬಹುದು. ಆದರೆ ಗಮನಕ್ಕೆ ಬಾರದ ಕಳ್ಳತನದಿಂದ ಕಾನೂನಿನ ತೊಡಕು ತಪ್ಪಿದರೂ ನಷ್ಟ ತಪ್ಪುವುದಿಲ್ಲ.

ಕಳ್ಳನಿಗೆ ತಾಳ್ಮೆಯೂ ಪಂಚಾಂಗವೂ ಗೊತ್ತು

ಮೂರನೆಯ ಅಂಕಿ ಎಣಿಕೆಯದು. ವಾಝುವಿನೊಂದಿಗೆ ಬರುವ ನಿಯಮಗಳಲ್ಲೊಂದು 120 ಸೆಕೆಂಡುಗಳಲ್ಲಿ 8 ಬಾರಿ ಪ್ರವೇಶ ವಿಫಲವಾದರೆ ಎಚ್ಚರಿಸುತ್ತದೆ. ಅವಸರದ ಕಳ್ಳನನ್ನು ಇದು ಹಿಡಿದೀತು. ಹತ್ತು ನಿಮಿಷಕ್ಕೊಮ್ಮೆ ಒಂದೇ ಒಂದು ಪಾಸ್‌ವರ್ಡ್ ಪ್ರಯತ್ನಿಸುವವನು ದಿನಕ್ಕೆ 144 ಸಲ ಬಾಗಿಲು ತಟ್ಟಿದರೂ ಈ ನಿಯಮದ ಮಟ್ಟಿಗೆ ಅವನು ಸಭ್ಯಸ್ಥನೇ. ಇದಕ್ಕೆ ಪರಿಹಾರವೆಂದರೆ ಎಣಿಕೆಯನ್ನು ತಗ್ಗಿಸುವುದಲ್ಲ, ಹಾಗೆ ಮಾಡಿದರೆ ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ. ವೇಗದ ನಿಯಮದ ಜೊತೆಗೆ ಇಡೀ ದಿನದ ಲೆಕ್ಕವನ್ನು ಒಟ್ಟಾಗಿ ನೋಡುವ ನಿಧಾನದ ನಿಯಮವೊಂದನ್ನೂ ಇಡಬೇಕು. ಪ್ರತಿದಿನ ಸಂಜೆ ಗಲ್ಲಾ ಎಣಿಸುವ ವರ್ತಕರು ತಿಂಗಳ ಕೊನೆಗೆ ಅಡಾವೆಯನ್ನೂ ತೆಗೆಯುವುದಿಲ್ಲವೇ?

ವೇಳೆಯ ಆಯ್ಕೆಯಲ್ಲಿಯೂ ಕಳ್ಳರು ನಿಪುಣರು. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಮೇಲೆ 2016ರ ಫೆಬ್ರವರಿ 4ರ ರಾತ್ರಿ ದಾಳಿ ನಡೆದಾಗ ಅಲ್ಲಿಗೆ ಮರುದಿನ ಶುಕ್ರವಾರದ ವಾರದ ರಜೆ, ಅನಂತರ ನ್ಯೂಯಾರ್ಕಿಗೆ ಶನಿವಾರ ಭಾನುವಾರದ ಬಿಡುವು, ಆ ಬಳಿಕ ಮನಿಲಾದಲ್ಲಿ ಚೀನೀ ಹೊಸವರ್ಷದ ರಜೆ. ಆ ಸಂದಿಯಲ್ಲಿ 8 ಕೋಟಿ 10 ಲಕ್ಷ ಡಾಲರು ಫಿಲಿಪೀನ್ಸ್ ಸೇರಿತು. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋದದ್ದು 2018ರ ಆಗಸ್ಟ್ 11 ಮತ್ತು 13ರ ನಡುವೆ. ಆ 11ನೇ ತಾರೀಖು ಎರಡನೇ ಶನಿವಾರವಾಗಿತ್ತು. ಇವೆಲ್ಲ ದೂರದ ಮಾತುಗಳೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ 2019ರಲ್ಲಿ ಸುಮಾರು ಹನ್ನೊಂದೂವರೆ ಕೋಟಿ ರೂಪಾಯಿ ಅನ್ಯರ ಖಾತೆಗಳಿಗೆ ಹೋಯಿತು. ಟೆಂಡರು ಹಾಕುವ ಸಣ್ಣ ಗುತ್ತಿಗೆದಾರರೂ ಸರಬರಾಜುದಾರರೂ ಆಗ ತಮ್ಮ ಠೇವಣಿ ಕಟ್ಟುತ್ತಿದ್ದುದು ಅದೇ ಪೋರ್ಟಲ್ ಮೂಲಕ.

ಆದುದರಿಂದ ಕಚೇರಿ ಮುಚ್ಚಿದೆಯೆಂದು ನಿಯಮಗಳಿಗೂ ರಜೆ ಕೊಡುವ ಪರಿಪಾಠ ಸರಿಯಲ್ಲ. ಯುಗಾದಿಗೂ ದೀಪಾವಳಿಗೂ ಬಾಗಿಲು ಹಾಕಿದ ದಿನಗಳಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾಗಿರಬೇಕು, ಏಕೆಂದರೆ ಅಂದು ಯಾರೂ ಕೆಲಸ ಮಾಡದಿರುವಾಗ ಕಾಣುವ ಯಾವುದೇ ಚಟುವಟಿಕೆ ಪ್ರಶ್ನಾರ್ಹವೇ. ಬಂದ ಎಚ್ಚರಿಕೆ ಖಾಲಿ ಕೊಠಡಿಯ ಪರದೆಯ ಮೇಲೆ ಮಿನುಗಿದರೆ ಪ್ರಯೋಜನವಿಲ್ಲ. ತೀರ ಗಂಭೀರವಾದ ನಾಲ್ಕೈದು ಎಚ್ಚರಿಕೆಗಳು ಮಾಲೀಕರ ಅಥವಾ ನಂಬಿಕಸ್ಥ ವ್ಯವಸ್ಥಾಪಕರ ಮೊಬೈಲಿಗೆ ರಾತ್ರಿಯಾದರೂ ಬರಬೇಕು. ಉಳಿದವು ಬೆಳಗಿನವರೆಗೆ ಕಾಯಬಹುದು. ಹಣವೇ ಹೋಗಿದ್ದರೆ 1930 ಸಂಖ್ಯೆಯ ಸಹಾಯವಾಣಿಗೆ ತಡಮಾಡದೆ ದೂರು ನೀಡಿದಷ್ಟೂ ಅದನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಅಲ್ಲಿಯೂ ಪ್ರಶ್ನೆ ವೇಳೆಯದೇ.

ಅಂಕಿಗಳನ್ನು ನಿರ್ಧರಿಸುವ ಬಗೆ

ಹಾಗಾದರೆ ಎಲ್ಲ ನಿಯಮಗಳನ್ನೂ ನಿಮಿಷಕ್ಕೊಮ್ಮೆ ಓಡಿಸಿದರಾಯಿತಲ್ಲ ಎಂಬ ವಾದ ಬರಬಹುದು. ಅದಕ್ಕೂ ಖರ್ಚಿದೆ. ನಲವತ್ತು ನಿಯಮಗಳನ್ನು 5 ನಿಮಿಷಕ್ಕೊಮ್ಮೆ ಓಡಿಸಿದರೆ ದಿನಕ್ಕೆ 11,520 ಪರಿಶೀಲನೆಗಳು, ನಿಮಿಷಕ್ಕೊಮ್ಮೆಯಾದರೆ 57,600. ಸಾಧಾರಣ ಯಂತ್ರ ಈ ಭಾರವನ್ನು ತಾಳದೆ, ಒಂದು ಪರಿಶೀಲನೆ ಮುಗಿಯುವ ಮೊದಲೇ ಮುಂದಿನದರ ಸರದಿ ಬಂದು ನಡುವೆ ಬಿಡುವುಗಳು ಬೀಳುತ್ತವೆ. ಹೆಚ್ಚು ಗಸ್ತು ತಿರುಗಿಸಲು ಹೋಗಿ ಗಸ್ತೇ ತಪ್ಪಿಹೋದಂತಾಗುತ್ತದೆ. ಹಿನ್ನೋಟವನ್ನು ಮಿತಿಮೀರಿ ಹಿಗ್ಗಿಸಿದರೂ ಯಂತ್ರ ದಣಿಯುತ್ತದೆ. ಎಣಿಕೆಯ ಮೇಲೆ ನಿಂತ ನಿಯಮಗಳಲ್ಲಿ ಒಂದೇ ಘಟನೆಗೆ ಮತ್ತೆ ಮತ್ತೆ ಎಚ್ಚರಿಕೆ ಬರುವ ಸಂಭವವೂ ಇರುವುದರಿಂದ, ಒಮ್ಮೆ ಎಚ್ಚರಿಸಿದ ಮೇಲೆ ಗೊತ್ತಾದ ಅವಧಿಯವರೆಗೆ ಸುಮ್ಮನಿರುವ ವ್ಯವಸ್ಥೆಯನ್ನೂ ಜೊತೆಗೆ ಮಾಡಿಸಬೇಕು.

ಸರಳವಾದ ಸೂತ್ರವೊಂದು ಬಹುಮಟ್ಟಿಗೆ ಸಾಕು. ನಿಯಮ ಓಡುವ ಅಂತರಕ್ಕೆ, ದಾಖಲೆಗಳು ತಲುಪಲು ಸಾಮಾನ್ಯವಾಗಿ ಆಗುವ ಗರಿಷ್ಠ ವಿಳಂಬವನ್ನು ಕೂಡಿಸಿ, ಸ್ವಲ್ಪ ಹೆಚ್ಚೇ ಹಿನ್ನೋಟ ಇಡಬೇಕು. ಆ ಗರಿಷ್ಠ ವಿಳಂಬ ಎಷ್ಟೆಂಬುದನ್ನು ಊಹಿಸಬೇಕಾಗಿಲ್ಲ. ಘಟನೆ ನಡೆದ ಸಮಯಕ್ಕೂ ದಾಖಲೆ ತಲುಪಿದ ಸಮಯಕ್ಕೂ ಇರುವ ವ್ಯತ್ಯಾಸವನ್ನು ಒಂದು ತಿಂಗಳ ಕಾಲ ಗಮನಿಸಿದರೆ ತಿಳಿಯುತ್ತದೆ. ದಾವಣಗೆರೆ ನಗರದೊಳಗಿನ ಘಟಕಕ್ಕೆ ಅದು ಎರಡು ನಿಮಿಷವಿರಬಹುದು, ಸೊಕ್ಕೆಯ ಘಟಕಕ್ಕೆ ಇಪ್ಪತ್ತಿರಬಹುದು. ಆದ್ದರಿಂದ ಒಂದು ಘಟಕದ ಅಂಕಿಗಳನ್ನು ಇನ್ನೊಂದಕ್ಕೆ ನಕಲು ಮಾಡುವುದು ಸಲ್ಲದು.

ನಿಯಮಗಳನ್ನೂ ಮೂರು ದರ್ಜೆಗಳಾಗಿ ವಿಂಗಡಿಸುವುದು ಲೇಸು. ಲಾಗ್ ಅಳಿಸುವುದು, ಬ್ಯಾಕಪ್ ನಾಶಪಡಿಸುವುದು, ವೈರಸ್ ನಿರೋಧಕವನ್ನು ನಿಲ್ಲಿಸುವುದು ಮೊದಲನೆಯ ದರ್ಜೆಯವು. ಇವನ್ನು 5 ನಿಮಿಷಕ್ಕೊಮ್ಮೆ ನೋಡಬೇಕು. ಹೊಸ ಬಳಕೆದಾರರ ಸೇರ್ಪಡೆ, ಅಪರಿಚಿತ ಪೆನ್‌ಡ್ರೈವ್ ಬಳಕೆ ಮುಂತಾದವನ್ನು ಗಂಟೆಗೊಮ್ಮೆ ನೋಡಿದರೂ ನಡೆದೀತು. ನಿಧಾನದ ದಾಳಿಗಳ ಎಣಿಕೆ ದಿನಕ್ಕೊಮ್ಮೆ ಸಾಕು. ಇಂಥ ವಿಂಗಡಣೆಯನ್ನು ಮಾಡಬಲ್ಲವರು ಮಾಲೀಕರೇ. ಲೆಕ್ಕಪತ್ರ ಒಂದು ದಿನ ನಿಂತರೆ ಎಷ್ಟು ನಷ್ಟ, ವೇಬ್ರಿಡ್ಜ್ ನಿಂತರೆ ಎಷ್ಟು ನಷ್ಟ ಎಂಬುದು ತಂತ್ರಜ್ಞನಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಕೊನೆಯದಾಗಿ ಪರೀಕ್ಷೆ. ತಂತ್ರಜ್ಞನ ಹಣವನ್ನು ಪೂರ್ತಿಯಾಗಿ ಸಂದಾಯ ಮಾಡುವ ಮುನ್ನ ಒಂದು ಸಣ್ಣ ಪ್ರಯೋಗವನ್ನು ಮಾಲೀಕರ ಎದುರಿನಲ್ಲಿಯೇ ಮಾಡಿಸಬೇಕು. ಒಂದು ಯಂತ್ರದ ನೆಟ್‌ವರ್ಕ್ ತಂತಿಯನ್ನು ಕಿತ್ತು, ಅದರಲ್ಲಿ ಎರಡು ನಿಮಿಷದೊಳಗೆ ಎಂಟು ಬಾರಿ ತಪ್ಪು ಪಾಸ್‌ವರ್ಡ್ ಹೊಡೆದು, ಇಪ್ಪತ್ತು ನಿಮಿಷದ ನಂತರ ತಂತಿಯನ್ನು ಮತ್ತೆ ಜೋಡಿಸಬೇಕು. ಎಚ್ಚರಿಕೆ ಬಂದರೆ ಸರಿ. ಬಾರದಿದ್ದರೆ ಯಾವ ಅಂಕಿಯಲ್ಲಿ ದೋಷವಿದೆಯೆಂದು ಅಲ್ಲಿಯೇ ನೋಡಿ ತಿದ್ದಿಸಬಹುದು. ಮೂರು ತಿಂಗಳಿಗೊಮ್ಮೆ ಈ ಪ್ರಯೋಗವನ್ನು ಪುನರಾವರ್ತಿಸುವುದಕ್ಕೆ ಅರ್ಧ ಗಂಟೆಯ ವೇಳೆ ಬಿಟ್ಟರೆ ಬೇರೆ ಖರ್ಚಿಲ್ಲ.

ಸಂಘಟಿತ ಪ್ರಯತ್ನದ ಅಗತ್ಯ

ಕ್ಲೌಡ್ ಸೇವೆಗೆ ಹೋದರೆ ಈ ರಗಳೆಯೇ ಇಲ್ಲವೆಂದು ಹೇಳುವವರಿದ್ದಾರೆ. ಆ ಸೇವೆಗಳಲ್ಲಿಯೂ ನಿಯಮಕ್ಕೆ ಅಂತರ, ಹಿನ್ನೋಟಗಳು ಇದ್ದೇ ಇರುತ್ತವೆ. ಮೇಲಾಗಿ ಎಲ್ಲ ದಾಖಲೆಗಳೂ ಅದೇ ಕಡಿದುಹೋಗುವ ಬ್ರಾಡ್‌ಬ್ಯಾಂಡ್ ಮೂಲಕ ಸಾಗಬೇಕು. ಸ್ವಂತ ಕಟ್ಟಡದಲ್ಲಿಯೇ ಇರುವ ನಿಗಾ ಸರ್ವರ್ ಹೊರಗಿನ ಸಂಪರ್ಕ ತಪ್ಪಿದಾಗಲೂ ಒಳಗಿನ ಯಂತ್ರಗಳನ್ನು ಕಾಯಬಲ್ಲದು. ಗ್ರಾಮಾಂತರದ ಘಟಕಗಳಿಗೆ ಇದು ಕಡಿಮೆ ಅನುಕೂಲವೇನಲ್ಲ. ಆದರೆ ಆ ಅನುಕೂಲ ದಕ್ಕುವುದು ಅಂಕಿಗಳನ್ನು ಸ್ಥಳಕ್ಕೆ ತಕ್ಕಂತೆ ಹೊಂದಿಸಿದವರಿಗೆ ಮಾತ್ರ.

ಪ್ರತಿಯೊಂದು ಸಣ್ಣ ಘಟಕವೂ ಇದಕ್ಕಾಗಿ ಪ್ರತ್ಯೇಕ ತಂತ್ರಜ್ಞನನ್ನು ಇಟ್ಟುಕೊಳ್ಳುವುದು ಕಷ್ಟಸಾಧ್ಯ. ತಾಲ್ಲೂಕು ಮಟ್ಟದ ವರ್ತಕರ ಸಂಘಗಳು ಒಗ್ಗೂಡಿ ಒಬ್ಬ ಅರ್ಹ ತಂತ್ರಜ್ಞನ ಸೇವೆಯನ್ನು ಹಂಚಿಕೊಳ್ಳಬಹುದು. ಓಡುವ ಅಂತರ, ಹಿನ್ನೋಟ, ಎಣಿಕೆಯ ಅವಧಿ, ಗಡಿಯಾರದ ಹೊಂದಾಣಿಕೆ, ಎಚ್ಚರಿಕೆ ಯಾರಿಗೆ ತಲುಪಬೇಕು ಎಂಬ ಐದು ವಿವರಗಳ ಒಂದು ಪುಟದ ತಪಶೀಲು ಪಟ್ಟಿಯನ್ನು ಕನ್ನಡದಲ್ಲಿಯೇ ಮುದ್ರಿಸಿ ಸದಸ್ಯರಿಗೆ ಹಂಚಬಹುದು. ವರ್ಷಕ್ಕೊಮ್ಮೆ ಅಗ್ನಿಶಾಮಕ ಸಾಧನಗಳನ್ನು ಪರೀಕ್ಷಿಸಿ ಚೀಟಿ ಅಂಟಿಸುವಂತೆ, ಈ ಪಟ್ಟಿಯ ಕೆಳಗೂ ಪರೀಕ್ಷೆಯ ತಾರೀಖು ಮತ್ತು ಮಾಲೀಕರ ಸಹಿ ಇರಲಿ.

ರಾತ್ರಿ ಕಾವಲುಗಾರನನ್ನು ನೇಮಿಸುವಾಗ ಯಾವ ವರ್ತಕರೂ ಸಂಬಳವನ್ನಷ್ಟೇ ಮಾತಾಡಿ ಸುಮ್ಮನಾಗುವುದಿಲ್ಲ. ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಸಲ ಸುತ್ತು ಹಾಕಬೇಕು, ಗೋದಾಮಿನ ಹಿಂಬದಿಯನ್ನೂ ನೋಡಬೇಕೆಂದು ಹೇಳಿಯೇ ಹೇಳುತ್ತಾರೆ. ಸರ್ವರ್‌ನೊಳಗೆ ಕುಳಿತ ಕಾವಲುಗಾರನಿಗೂ ಅದೇ ಮಾತನ್ನು ಹೇಳಬೇಕಾಗಿದೆ.